ಸಮುದ್ರಕ್ಕೆ ಹೆಪ್ಪು

ನನ್ನ ಗಂಡನಿಗೆ ಸುಮ್ಮನೆ ಕೂರಲು ಬರುತ್ತಿರಲಿಲ್ಲ. ನುಗ್ಗೆ ಕೊಂಬೆ ನೆಟ್ಟರೆ ಬೇರು ಬಂದಿದೆಯೋ ಇಲ್ಲವೋ ಎಂದು ಕಿತ್ತು ನೋಡಿ ಮತ್ತೆ ನೆಡುವ ಮನುಷ್ಯ. ಹಾಗೆ ನೋಡಿ ನೋಡಿಯೇ ನಮ್ಮ ಹಿತ್ತಲಲ್ಲಿ ಒಂದು ನುಗ್ಗೆಯೂ ಮರವಾಗಲಿಲ್ಲ. ಕರಿಬೇವಿಗೆ ನೀರು ಹಾಕಿ ಹಾಕಿ ಬುಡ ಕೊಳೆಸಿದರು. ಸರಿಯಾಗಿ ಓಡುತ್ತಿದ್ದ ಗೋಡೆ ಗಡಿಯಾರವನ್ನು ಬಿಚ್ಚಿ ಜೋಡಿಸಿ, ಕೊನೆಗೆ ಕೈಯಲ್ಲಿ ಉಳಿದ ಒಂದು ತಿರುಪನ್ನು ನೋಡಿ, "ಇದು ಕಂಪನಿಯೋರು ಸುಮ್ನೆ ಜಾಸ್ತಿ ಹಾಕಿದ್ರು" ಎಂದರು. ಗಡಿಯಾರ ಅವತ್ತಿನಿಂದ ಓಡಲಿಲ್ಲ.

ಅವರು ಬೆಳೆದದ್ದೇ ಹಾಗೆ. ಇಂದಿರಾನಗರ ಇನ್ನೂ ಹೊಲವಾಗಿದ್ದಾಗ ಅವರ ಮನೆಯವರು ಅಲ್ಲಿ ರಾಗಿ, ಸೊಪ್ಪು ಬೆಳೆಯುತ್ತಿದ್ದರು. ಹೊಲವೆಲ್ಲ ಸೈಟಾದ ಮೇಲೆ ಇವರು ಕಾರ್ಖಾನೆಯಲ್ಲಿ ಫಿಟ್ಟರ್ ಆದರು. ಮಣ್ಣಾಗಲಿ ಕಬ್ಬಿಣವಾಗಲಿ, ಕೈಗೆ ಏನಾದರೂ ಸಿಗಬೇಕು. ರಿಟೈರಾದ ಮೇಲೆ ಅವರ ಕೈಗೆ ಸಿಕ್ಕಿದ್ದು ಹಲಸೂರಿನ ನಮ್ಮ ಮನೆ.

ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು, ಅವರ ಎದೆ ತೆರೆದು ಆಪರೇಷನ್ ಮಾಡಿದರು. ಎದೆಮೂಳೆಯನ್ನು ಸೀಳಿ, ಕೆಲಸ ಮುಗಿದ ಮೇಲೆ ತಂತಿ ಹಾಕಿ ಬಿಗಿದಿದ್ದರು. ಮನೆಗೆ ಕಳಿಸುವ ದಿನ ಡಾಕ್ಟರು ಅವರಿಗೆ ಏನೂ ಹೇಳಲಿಲ್ಲ. ನನ್ನನ್ನು ಹೊರಗೆ ಕರೆದು ಹೇಳಿದರು.

"ನೋಡಿಮ್ಮಾ, ಮೂಳೆ ಕೂಡೋವರೆಗೂ ಭಾರ ಎತ್ತಬಾರದು, ಎಳೀಬಾರದು, ತಳ್ಳಬಾರದು. ಮನೆಯೊಳಗೆ ನಿಧಾನವಾಗಿ ಓಡಾಡಲಿ, ಮಿಕ್ಕ ಹೊತ್ತು ಕೂತಿರಲಿ. ಮೂಳೆ ಬಿಟ್ಕೊಂಡ್ರೆ ಮತ್ತೆ ತೆರೀಬೇಕಾಗುತ್ತೆ. ಇವರ ಹಾರ್ಟು ಇನ್ನೊಂದ್ಸಲ ತಡೆಯಲ್ಲ."

ಅಂದರೆ ನನ್ನ ಗಂಡ ಬದುಕಬೇಕಾದರೆ ಕೂರಬೇಕು. ಇಷ್ಟು ವರ್ಷದ ಸಂಸಾರದಲ್ಲಿ ನನ್ನಿಂದ ಆಗದೇ ಇದ್ದ ಕೆಲಸ ಅದೊಂದೇ.

ಮನೆಗೆ ಬಂದು ಮೈಗೆ ಒಂದಿಷ್ಟು ಬಲ ಬರುತ್ತಲೇ ಮನುಷ್ಯ ಏಣಿಯ ಹತ್ತಿರ ನಿಂತಿದ್ದರು. ಮೇಲಿನ ನೀರಿನ ಟ್ಯಾಂಕು ತೊಳೆದು ಬಹಳ ದಿನವಾಯಿತಂತೆ. ಏಣಿಯನ್ನು ಪಕ್ಕದ ಮನೆಗೆ ಸಾಗಿಸಿದೆ. ಮಾರನೆಯ ದಿನ ಸಂಪಿನ ಕಬ್ಬಿಣದ ಮುಚ್ಚಳಕ್ಕೆ ಕೈ ಹಾಕಿದ್ದರು. ಅದರ ಮೇಲೆ ನಾನೇ ಹೋಗಿ ಕುಳಿತೆ.

"ಏಳೇ, ಬರೀ ಇಣುಕಿ ನೋಡ್ತೀನಿ."

"ನೀವು ಬರೀ ಇಣುಕಿ ನೋಡಿದ್ದೆಲ್ಲ ಏನಾಗಿದೆ ಅಂತ ಗೊತ್ತಿದೆ. ಒಳಗೆ ನಡೀರಿ."

ಟಿವಿ ಹಾಕಿದರೆ ಅದರ ಹಿಂಭಾಗದ ವೈರು ಸರಿಮಾಡಲು ಏಳುತ್ತಿದ್ದರು. ಮಗ ಸೊಸೆ ಕೆಲಸಕ್ಕೆ ಹೋದ ಮೇಲೆ ಅಡುಗೆ ಮನೆಯಲ್ಲಿ ನನ್ನ ಕಿವಿ ಪೂರ್ತಿ ಹಜಾರದ ಮೇಲೇ ಇರುತ್ತಿತ್ತು. ಕುರ್ಚಿ ಕಿರ್ ಎಂದರೆ ಸೌಟು ಬಿಟ್ಟು ಓಡುತ್ತಿದ್ದೆ.

ನಮ್ಮ ಮಹಡಿಯಲ್ಲಿ ಒಬ್ಬರು ಬಾಡಿಗೆಗಿದ್ದರು. ಮದ್ರಾಸಿನ ಕಡೆಯ ಕ್ರಿಶ್ಚಿಯನ್ನರು, ವಯಸ್ಸೆಲ್ಲ ಹಡಗಿನಲ್ಲಿ ಅಡುಗೆ ಮಾಡಿಕೊಂಡು ಕಳೆದವರು, ಮದುವೆಯಿಲ್ಲ. ನಾವು ಅವರನ್ನು ಹಡಗಿನವರು ಎಂದೇ ಕರೆಯುತ್ತಿದ್ದೆವು. ಅವರ ಕೋಣೆಯಲ್ಲಿ ಒಂದು ಗಾಜಿನ ತೊಟ್ಟಿ ಇತ್ತು. ಶಿವಾಜಿನಗರದ ಮಾರ್ಕೆಟ್ಟಿನ ಹತ್ತಿರ ಮೀನಿನ ಅಂಗಡಿಗಳಲ್ಲಿ ಕಾಣುವಂಥದ್ದಲ್ಲ, ಉಪ್ಪುನೀರಿನದು. ಒಳಗೆ ಎರಡು ಮೀನು, ಕಲ್ಲು, ಕಲ್ಲಿನ ಮೇಲೆ ಹವಳ. ಹವಳ ಎಂದರೆ ನನಗೆ ಗೊತ್ತಿದ್ದದ್ದು ಕರಿಮಣಿ ನಡುವೆ ಪೋಣಿಸುವ ಕೆಂಪು ಮಣಿ. ಇವು ಹಾಗಿರಲಿಲ್ಲ, ಮೆತ್ತಗೆ ಜೀವಂತವಾಗಿದ್ದವು. ಒಂದು ದೊಡ್ಡ ಅಣಬೆಯ ಹಾಗೆ, ಮೈತುಂಬ ಸಣ್ಣ ಸಣ್ಣ ಕೇಸರ ಬಿಟ್ಟುಕೊಂಡು ನಿಂತಿತ್ತು. ಇನ್ನೊಂದು ಕಲ್ಲಿಗೆ ನೇರಳೆ ಬಣ್ಣದ ಚರ್ಮ ಅಂಟಿಸಿದಂತಿದ್ದು, ದೀಪ ಹಾಕಿದ ಮೇಲೆ ಅದರೊಳಗಿನಿಂದ ಹಸಿರು ನಕ್ಷತ್ರಗಳು ಹುಲ್ಲಿನ ಹಾಗೆ ಏಳುತ್ತಿದ್ದವು. ಮತ್ತೊಂದು, ಕೂಸು ಮುಷ್ಟಿ ಬಿಚ್ಚಿ ಮುಚ್ಚಿ ಮಾಡುತ್ತದಲ್ಲ, ದಿನವೆಲ್ಲ ಹಾಗೇ ಮಾಡುತ್ತಿತ್ತು.

ಹಡಗಿನವರಿಗೆ ಮಂಡಿ ನೋವು, ಮೆಟ್ಟಿಲು ಹತ್ತಲು ಆಗದೆ ತಂಗಿಯ ಮನೆಗೆ ಮದ್ರಾಸಿಗೆ ಹೊರಟರು. ಹೋಗುವ ಮೊದಲು ಕೆಳಗೆ ಬಂದು ನನ್ನ ಮುಂದೆ ಕುಳಿತರು.

"ಅಕ್ಕಾ, ತೊಟ್ಟಿ ನಿಮಗೆ ಕೊಟ್ಟು ಹೋಗ್ತೀನಿ."

"ನನಗ್ಯಾಕಪ್ಪಾ? ಸಾರು ಮಾಡೋಕೂ ಆಗದ ಮೀನು."

"ನಿಮಗೇ ಯಾಕಂದ್ರೆ, ಇದಕ್ಕೆ ಬೇಕಾಗಿರೋದು ಸುಮ್ನೆ ಬಿಡೋರು. ನಿಮ್ಮ ಮೊಮ್ಮಕ್ಕಳು ಬಿದ್ರೆ ನೀವು ಎತ್ತಲ್ಲ. ಅಳು ನಿಂತ ಮೇಲೆ, ಎದ್ದು ಬಾ ಅಂತೀರಾ. ಮೇಲಿಂದ ನೋಡಿದೀನಿ." ಆಮೇಲೆ ದನಿ ತಗ್ಗಿಸಿ, "ಅಣ್ಣನ ಕೈಗೆ ಮಾತ್ರ ಕೊಡಬೇಡಿ" ಎಂದರು.

ಅಣ್ಣ ಹಜಾರದಿಂದಲೇ ಕೂಗಿದರು. "ಕೇಳಿಸ್ತು ಕೇಳಿಸ್ತು!"

ನಾನು ಒಪ್ಪಿಕೊಂಡದ್ದು ಹವಳದ ಆಸೆಗಲ್ಲ. ಮಹಡಿಯಲ್ಲಿ ಹಡಗಿನವರು ಆ ತೊಟ್ಟಿಯ ಮುಂದೆ ಬೆಳಗಿನ ಕಾಫಿ ಹಿಡಿದು ಕುಳಿತರೆ ಕಾಫಿ ಆರಿ ಕೆನೆ ಕಟ್ಟುವವರೆಗೂ ಕುಳಿತಿರುತ್ತಿದ್ದರು. ಅದನ್ನು ನೋಡಿದ್ದೆ. ಒಬ್ಬ ಗಂಡಸನ್ನು ಕೂರಿಸಿದ್ದು ಇನ್ನೊಬ್ಬನನ್ನೂ ಕೂರಿಸೀತು ಎಂದುಕೊಂಡೆ, ಅಷ್ಟೆ.

ಮೀನಿನಂಗಡಿಯವರು ಬಂದು ತೊಟ್ಟಿಯನ್ನು ಕೆಳಗಿಳಿಸಿ ಹಜಾರದ ಒಳಗೋಡೆಗೆ ಸೇರಿಸಿ ಇಟ್ಟರು. ಬಿಸಿಲು ಬೀಳದ, ನೆಲ ಯಾವಾಗಲೂ ತಣ್ಣಗಿರುವ ಜಾಗ. ಮದ್ರಾಸಿನಲ್ಲಾದರೆ ನೀರು ತಂಪಾಗಿಡಲು ಮಿಷನ್ನೇ ಬೇಕಂತೆ. ನಮ್ಮ ಊರಿನ ಹವೆಗೆ ಏಪ್ರಿಲ್‌ನಲ್ಲಿ ನೀರಿನ ಮೇಲೆ ಒಂದು ಟೇಬಲ್ ಫ್ಯಾನು ಬೀಸಿದರೆ ಸಾಕು. ಬೆಂಗಳೂರನ್ನು ಈಗ ಎಲ್ಲರೂ ಬೈಯುತ್ತಾರೆ. ನಾನು ಬೈಯುವುದಿಲ್ಲ.

ನಾನು ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು. ಹಡಗಿನವರ ಹತ್ತಿರ ಇಂಗ್ಲಿಷ್ ಪುಸ್ತಕಗಳಿದ್ದವು, ಒಂದನ್ನೂ ನನ್ನ ಮುಂದೆ ತೆಗೆಯಲಿಲ್ಲ. ಅಡುಗೆಯವರು ಅಡುಗೆಯವಳಿಗೆ ಹೇಳುವ ಹಾಗೆ ಹೇಳಿದರು.

"ಅಕ್ಕಾ, ಸಾರು ಕುದ್ದು ಬತ್ತಿದ್ರೆ ಏನಾಗುತ್ತೆ?"

"ಉಪ್ಪಾಗುತ್ತೆ."

"ಆವಾಗ ಮತ್ತೆ ಉಪ್ಪು ಹಾಕ್ತೀರಾ?"

"ತಲೆ ಕೆಟ್ಟಿದ್ಯಾ? ನೀರು ಹಾಕ್ತೀನಿ."

"ಇದೂ ಅಷ್ಟೇ. ನೀರು ಆರುತ್ತೆ, ಉಪ್ಪು ಅಲ್ಲೇ ಉಳಿಯುತ್ತೆ. ದಿನಾ ಎಷ್ಟು ಆರಿತೋ ಅಷ್ಟು ಸಿಹಿನೀರು ಹಾಕಿ. ಕುಡಿಯೋ ನೀರಿನ ಕ್ಯಾನು ಬರುತ್ತಲ್ಲ, ಅದು. ನಲ್ಲಿ ನೀರು ಬೇಡ."

ನೀರಿನ ಮಟ್ಟ ಮರೆಯದಿರಲಿ ಎಂದು ನನ್ನ ಹಣೆಯ ಸ್ಟಿಕ್ಕರ್ ಬೊಟ್ಟು ತೆಗೆದು ಗಾಜಿಗೆ ಅಂಟಿಸಿದೆ. ಬೊಟ್ಟಿನ ತನಕ ನೀರಿದ್ದರೆ ಸರಿ. ಹಡಗಿನವರು ಅದನ್ನು ನೋಡಿ ತುಂಬಾ ಹೊತ್ತು ನಕ್ಕರು.

ಮಿಕ್ಕಿದ್ದೆಲ್ಲ ಬಹಳ ಇರಲಿಲ್ಲ. ಬೆಳಗ್ಗೆ ದೀಪ ಹಾಕುವುದು, ಸಂಜೆ ಆರಿಸುವುದು. ಕಿತ್ತಳೆ ಮೈಗೆ ಬಿಳಿ ಪಟ್ಟೆಯಿದ್ದ ಎರಡು ಮೀನಿಗೆ ಚಿಟಿಕೆ ಆಹಾರ. ಗಾಜಿನ ಪಾಚಿ ತಿನ್ನಲು ಬಸವನಹುಳುಗಳಿದ್ದವು, ಬಿದ್ದದ್ದು ಹೆಕ್ಕಲು ಒಂದು ಕೆಂಪು ಸೀಗಡಿ. ತಿಂಗಳಿಗೊಮ್ಮೆ ಸ್ವಲ್ಪ ಹಳೇ ನೀರು ತೆಗೆದು ಹೊಸ ಸಮುದ್ರದ ನೀರು ಹಾಕುವುದು. ಅವರ ತಂಗಿಯ ಮಗ ದೋಣಿಯಲ್ಲಿ ಅಲೆ ದಾಟಿ ಹೋಗಿ ಪ್ಲಾಸ್ಟಿಕ್ ಕ್ಯಾನುಗಳಲ್ಲಿ ತುಂಬಿ ರೈಲಿಗೆ ಹಾಕುತ್ತಿದ್ದ, ನಾನು ದಂಡು ಸ್ಟೇಷನ್ನಿನಲ್ಲಿ ಇಳಿಸಿಕೊಳ್ಳಬೇಕು.

"ಕಲ್ಲನ್ನ ಮಾತ್ರ ತೊಳೆಯಬೇಡಿ" ಎಂದಿದ್ದರು. "ಹೊಲಸು ಅನ್ಸುತ್ತೆ, ಆದರೆ ಹೆಪ್ಪು ಇರೋದೇ ಅದರಲ್ಲಿ. ಕಣ್ಣಿಗೆ ಕಾಣದ ಹುಳ ಅದರೊಳಗೆ ಕೂತು ಮೀನಿನ ಗಲೀಜೆಲ್ಲ ತಿನ್ನುತ್ತೆ. ಮೊಸರಿನ ಪಾತ್ರೆ ತಳ ಉಜ್ಜಿಬಿಟ್ಟು ಮೊಸರಾಗು ಅಂದ್ರೆ ಆಗುತ್ತಾ?"

ಇನ್ನೊಂದು ಮಾತು ಹೇಳಿದ್ದರು. ಆ ಅಣಬೆಯಂಥದ್ದು ಆಗಾಗ ಮುನಿಸಿಕೊಳ್ಳುತ್ತದೆ, ಕೇಸರವೆಲ್ಲ ಒಳಗೆಳೆದುಕೊಂಡು ಸತ್ತ ಹಾಗೆ ನಿಲ್ಲುತ್ತದೆ, ಹಾವಿನ ಹಾಗೆ ಪೊರೆ ಬಿಟ್ಟು ಮತ್ತೆ ಅರಳುತ್ತದೆ. ಗಾಬರಿ ಬೀಳಬೇಡಿ, ಕೈ ಹಾಕಬೇಡಿ.

ನಾನು ತೊಟ್ಟಿಯ ಮುಂದೆ ಕುರ್ಚಿ ಹಾಕಿ ಗಂಡನನ್ನು ಕೂರಿಸಿದೆ.

"ಕಲ್ಲನ್ನ ಉಪ್ಪುನೀರಲ್ಲಿ ನೆನೆಹಾಕಿದಾಳೆ. ಉಪ್ಪಿನಕಾಯಿ ಯಾವತ್ತಿಗೆ ರೆಡಿ?" ಎಂದು ನೋಡಲು ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದರು. ಸ್ವಲ್ಪ ದಿನಕ್ಕೆ ಅಡುಗೆ ಮನೆಗೆ ಸುದ್ದಿ ಬರಲು ಶುರುವಾಯಿತು. "ಏನೇ, ಎರಡು ಮೀನೂ ಆ ಅಣಬೆಯೊಳಗೇ ಮಲಗ್ತವೆ ಕಣೇ." "ಸೀಗಡಿ ಅಂಗಿ ಬಿಚ್ಚಿ ಹಾಕಿದೆ, ಬಾ ನೋಡು." ಸೀಗಡಿ ತನ್ನ ಚಿಪ್ಪನ್ನು ಮೀಸೆ ಸಮೇತ ಕಳಚಿಟ್ಟು ಪಕ್ಕದಲ್ಲಿ ಹೊಸದಾಗಿ ನಿಂತಿತ್ತು. ಕುರ್ಚಿ ಕಿರ್ ಎನ್ನುವುದು ಕಡಿಮೆಯಾಯಿತು. ನಾನು ಎಷ್ಟೋ ದಿನದ ಮೇಲೆ ಸಾರು ಸೀಯದ ಹಾಗೆ ಅಡುಗೆ ಮಾಡಿದೆ.

ಹಡಗಿನವರು ಇದ್ದಾಗಲೇ ಒಂದು ರೂಢಿ ಹಾಕಿದ್ದರು. ಹವಳ ದೊಡ್ಡದಾದರೆ ಒಂದು ತುಂಡು ಕತ್ತರಿಸಿ ಇನ್ನೊಬ್ಬರಿಗೆ ಕೊಡುವುದು. ಕನಕಾಂಬರದ ಕೊಂಬೆ ಮುರಿದು ಕೊಟ್ಟ ಹಾಗೆ. ಕಾಕ್ಸ್‌ಟೌನಿನಲ್ಲಿ ಒಬ್ಬ ಬೇಕರಿಯಮ್ಮ ಇದ್ದರು, ಬೇಕರಿಯ ಹಿಂದಿನ ಮನೆಯಲ್ಲೇ ಅವರದೊಂದು ತೊಟ್ಟಿ. ನಾನು ಒಂದು ಡಬ್ಬದಲ್ಲಿ ಆ ಮುಷ್ಟಿ ಬಿಚ್ಚುವುದರದೊಂದು ತುಂಡು, ಅಂಗೈಯಷ್ಟು ಕಲ್ಲು ತೆಗೆದುಕೊಂಡು ಹೋಗಿ ಕೊಟ್ಟಿದ್ದೆ. ಅವರು ಡಬ್ಬವನ್ನು ಬರಿದಾಗಿ ಕಳಿಸದೆ ಬೆಣ್ಣೆ ಬಿಸ್ಕತ್ತು ತುಂಬಿ ಕಳಿಸಿದರು.

ಆಮೇಲೆ ಹಜಾರಕ್ಕೆ ತಾಮ್ರದ ಬಿಂದಿಗೆ ಬಂತು.

ರೋಗಿಯನ್ನು ನೋಡಲು ಬಂದವರು ಹಣ್ಣಿನ ಜೊತೆಗೆ ಒಂದು ಬುದ್ಧಿಮಾತನ್ನೂ ತರುತ್ತಾರೆ. ನಮ್ಮ ನೆಂಟರೊಬ್ಬರು, ರಾತ್ರಿಯೆಲ್ಲ ತಾಮ್ರದಲ್ಲಿಟ್ಟ ನೀರು ಹೃದಯಕ್ಕೆ ಬಲ ಎಂದು ಹೇಳಿಹೋದರು. ಅತ್ತೆಯ ಕಾಲದ ಬಿಂದಿಗೆ ಅಟ್ಟದ ಮೇಲಿತ್ತು. ಕುಡಿಯುವ ನೀರು ತಾಮ್ರದಲ್ಲೇ ಇಡಬೇಕು ಎನ್ನುವುದು ಅವರ ಕಾಲದಲ್ಲಿ ಮನೆಯ ಶಾಸ್ತ್ರ. ಇಳಿಸಿ, ಹುಣಸೆಹಣ್ಣು ಹಚ್ಚಿ ಫಳಫಳ ಬೆಳಗಿ, ನೀರು ತುಂಬಿ, ಒಂದು ತಾಮ್ರದ ಚೊಂಬನ್ನೂ ಮುಚ್ಚಿ ಗಂಡನ ಕುರ್ಚಿಯ ಪಕ್ಕದಲ್ಲಿಟ್ಟೆ.

ಕೆಲವು ದಿನದಲ್ಲಿ ಅಣಬೆ ಮುದುರಿಕೊಂಡಿತು. ಪೊರೆ ಬಿಡುವ ಹೊತ್ತು ಇರಬೇಕು ಎಂದು ಸುಮ್ಮನಿದ್ದೆ. ಹಡಗಿನವರು ಹೇಳಿದ್ದೇ ಹಾಗೆ. ಆಮೇಲೆ ಮುಷ್ಟಿ ಬಿಚ್ಚುವುದು ಮುಷ್ಟಿ ಬಿಚ್ಚಲಿಲ್ಲ. ಹಸಿರು ನಕ್ಷತ್ರಗಳು ಒಳಗೆ ಹೋದವು, ಬರೀ ನೇರಳೆ ಚರ್ಮ ಉಳಿಯಿತು. ಒಂದು ಬೆಳಗ್ಗೆ ಬಸವನಹುಳು ಗಾಜಿನಿಂದ ಕಳಚಿ ಮರಳಿನ ಮೇಲೆ ಬಿದ್ದಿತ್ತು. ಸೀಗಡಿ ಮಗುಚಿಕೊಂಡಿತ್ತು. ಅಂಗಿ ಬಿಚ್ಚಿದೆ ಎಂದುಕೊಂಡೆ, ಮುಟ್ಟಿದರೆ ಅಂಗಿಯೊಳಗೆ ಸೀಗಡಿಯೇ ಇತ್ತು. ಮೀನುಗಳು ಮಾತ್ರ ಕೊಬ್ಬಿ ಓಡಾಡುತ್ತಿದ್ದವು.

ಮುನಿಸಿಗೆ ಹೆಣ ಬೀಳುವುದಿಲ್ಲ. ಸೆರಗು ಸಿಕ್ಕಿಸಿಕೊಂಡು ಮೂಲೆಯ ಎಸ್‌ಟಿಡಿ ಬೂತಿಗೆ ಹೋಗಿ ಮದ್ರಾಸಿಗೆ ಫೋನು ಮಾಡಿದೆ.

"ಮೀನು ಹೇಗಿದಾವೆ ಅಕ್ಕಾ?"

"ಚೆನ್ನಾಗಿ ಉಣ್ತಿದಾವೆ. ಮಿಕ್ಕಿದ್ದೆಲ್ಲ ಸಾಯ್ತಿದೆ."

"ತಾಮ್ರ" ಎಂದರು. "ಮೀನನ್ನ ಬಿಟ್ಟು ಹುಳ, ಸೀಗಡಿ, ಹವಳ ಎಲ್ಲ ಸಾಯಿಸೋದು ತಾಮ್ರ. ನೀರಿಗೆ ಏನಾದ್ರೂ ತಾಮ್ರ ಮುಟ್ಟಿತಾ? ಹಿತ್ತಾಳೆ ನಲ್ಲಿ? ವೈರು?"

ನನಗೆ ಅಲ್ಲೇ ಗೊತ್ತಾಯಿತು. ಕೆಲವು ದಿನದಿಂದ ನಾನು ಕ್ಯಾನಿನ ನೀರು ಹಾಕಲು ಹೋದಾಗೆಲ್ಲ ನೀರು ಸರಿಯಾಗಿ ಬೊಟ್ಟಿನ ತನಕವೇ ಇರುತ್ತಿತ್ತು. ಚಳಿಗಾಲ, ನೀರು ಆರುತ್ತಿಲ್ಲ ಎಂದುಕೊಂಡಿದ್ದೆ.

ಮನೆಗೆ ಬಂದೆ. ಗಂಡ ಚೊಂಬು ಹಿಡಿದು, ಒಂದು ತೊಟ್ಟೂ ಚೆಲ್ಲದ ಹಾಗೆ, ದೇವರಿಗೆ ಅಭಿಷೇಕ ಮಾಡುವವರಂತೆ ನೀರು ಹಾಕುತ್ತಿದ್ದರು.

"ರೀ! ಏನ್ ಮಾಡ್ತಿದೀರಾ?"

"ಯಾಕೋ ಬಾಡ್ತಿದಾವೆ ಕಣೇ. ಬಿಂದಿಗೆ ಬಂದಾಗಿಂದ ದಿನಾ ಒಳ್ಳೆ ನೀರೇ ಹಾಕ್ತಿದೀನಿ, ಆದ್ರೂ. ನನ್ನ ಎದೆಗೆ ಒಳ್ಳೇದು ಅಂದ್ರೆ ಅವಕ್ಕೂ ಒಳ್ಳೇದೇ ಅಲ್ವಾ?"

ಹಡಗಿನವರು ಹೇಳಿದ್ದನ್ನು ಹೇಳಿದೆ. ಅವರು ಚೊಂಬನ್ನು ಕೆಳಗಿಟ್ಟರು. ಒಂದು ಜೋಕೂ ಮಾಡಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು.

ಬಿಂದಿಗೆ ಅಟ್ಟಕ್ಕೆ ಹೋಯಿತು. ಯಾರದು ತಪ್ಪು, ನೆಂಟರದೋ, ಅತ್ತೆಯದೋ, ಬೆಳಗಿಟ್ಟವಳದೋ, ಹೊಯ್ದವರದೋ ಎಂದು ನಾವಿಬ್ಬರೂ ಹುಡುಕಲಿಲ್ಲ. ಹುಡುಕಿದರೆ ಸೀಗಡಿ ಬದುಕುತ್ತದೆಯೇ? ಹಡಗಿನವರು ಹೇಳಿದ ಹಾಗೆ ಮೀನಿನಂಗಡಿಯಿಂದ ನೀರು ಶುದ್ಧ ಮಾಡುವ ಇದ್ದಿಲು ತಂದು, ಹಳೇ ತೆಳು ಬಟ್ಟೆಯಲ್ಲಿ ಕಟ್ಟಿ ಪುಟ್ಟ ಮೋಟಾರು ನೀರು ತಿರುಗಿಸುವ ಕಡೆ ಇಟ್ಟೆ. ಅಣಬೆಯದು ಬುಡದ ತುಂಡು ಇನ್ನೂ ಗಟ್ಟಿಯಿತ್ತು. ಅದನ್ನು ಡಬ್ಬದಲ್ಲಿ ಹಾಕಿ ಆಟೋ ಹಿಡಿದು ಕಾಕ್ಸ್‌ಟೌನಿಗೆ ಹೋದೆ.

ಬೇಕರಿಯಮ್ಮ ತಾಮ್ರದ ಕತೆಯೆಲ್ಲ ಕೇಳಿ, ಡಬ್ಬದೊಳಗೆ ನೋಡಿ ನನ್ನನ್ನು ನೋಡಿದರು. "ಏನಮ್ಮಾ, ಬಾಣಂತಿ ತರ ತಂದಿದೀರಾ?"

"ಹಾಗೇ ಅನ್ಕೊಳ್ಳಿ. ಮೈ ಸುಧಾರಿಸೋವರೆಗೂ ತವರಲ್ಲಿರಲಿ."

"ಇರಲಿ ಇರಲಿ. ನಮ್ಮನೇಲಿ ಯಾರೂ ಕಾಪರ್ ಚೊಂಬಲ್ಲಿ ಸ್ನಾನ ಮಾಡ್ಸಲ್ಲ" ಎಂದು ಚುಚ್ಚಿದರು. ಆದರೂ ಕೈ ತೊಳೆದುಕೊಂಡು ಬಂದು, ಎರಡು ಕೈಯಲ್ಲೂ ಡಬ್ಬ ಹಿಡಿದುಕೊಂಡೇ ಒಳಗೆ ಹೋದರು.

ಮದ್ರಾಸಿನಿಂದ ಸಮುದ್ರ ಹೊರಟಿತು. ತಿಂಗಳಿನ ಪಾಲಲ್ಲ, ತೊಟ್ಟಿಯ ನೀರು ಸ್ವಲ್ಪ ಸ್ವಲ್ಪವಾಗಿ ಪೂರ್ತಿ ಬದಲಾಗುವಷ್ಟು. ಬೆಳಗ್ಗೆ ಕ್ಯಾನುಗಳನ್ನು ತರಲು ನಾನು ಸ್ಟೇಷನ್ನಿಗೆ ಹೊರಡಬೇಕು, ಗಂಡ ಅಂಗಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು.

"ನಾನು ಸಾಯಿಸಿದ್ದು. ನಾನೇ ಹೊತ್ಕೊಂಡು ಬರ್ತೀನಿ."

"ಆ ಕ್ಯಾನು ಎತ್ತಿದ್ರೆ ಎದೆ ತಂತಿ ಕಿತ್ಕೊಂಡು ಬರುತ್ತೆ. ಆಮೇಲೆ ನಿಮ್ಮನ್ನ ಯಾರು ಹೊತ್ಕೊಂಡು ಬರೋದು?"

"ಸುಮ್ನೆ ಕೂತು ಕೂತು ಸಾಕಾಯ್ತು ಕಣೇ. ಕೂತಿದ್ದಕ್ಕೇ ಇದಾಗಿದ್ದು. ನಂಗೆ ಒಂದು ಕೆಲ್ಸ ಕೊಡು, ಇಲ್ಲಾ ದಾರಿ ಬಿಡು."

ಅವರು ನನ್ನನ್ನು ತಳ್ಳಿಕೊಂಡು ಹೋಗುವವರೇ. ಬೈದರೆ ನಿಲ್ಲುವುದಿಲ್ಲ, ಅತ್ತರೆ ನಿಲ್ಲುವುದಿಲ್ಲ, ಅದೂ ಅಲ್ಲದೆ ನನಗೆ ಅಳು ಬೇಗ ಬರುವುದಿಲ್ಲ. ಹಡಗಿನವರು ಫೋನಿನಲ್ಲಿ ಕೊನೆಗೆ ಹೇಳಿದ್ದು ನೆನಪಾಯಿತು. ಕಲ್ಲಿನ ಸಂದಿಯಿಂದ ಸತ್ತ ಹುಳ ಹೊರಬಿದ್ದರೆ ಆಗಿಂದಾಗಲೇ ತೆಗೆಯಬೇಕು, ಬಿಟ್ಟರೆ ಕೊಳೆತು ಉಳಿದ ಮೀನೂ ಹೋಗುತ್ತವೆ ಎಂದಿದ್ದರು.

"ಕೆಲ್ಸ ಇದೆ" ಎಂದೆ. "ನಾನು ಸ್ಟೇಷನ್ನಿಗೆ ಹೋದ್ರೆ ಇಲ್ಲಿ ನೋಡೋರ್ಯಾರು? ಒಂದು ಹುಳ ಬಿದ್ದಿದ್ದು ಕಾಣದೆ ಹೋದ್ರೆ ಮೀನೂ ಸಾಯ್ತವೆ. ಕಣ್ಣು ಕೀಳದೆ ನೋಡ್ಬೇಕು. ಬಿದ್ರೆ ಆ ಪ್ಲಾಸ್ಟಿಕ್ ಸೌಟಲ್ಲಿ ತೆಗೆದು ಈ ಬಟ್ಟಲಿಗೆ ಹಾಕ್ಬೇಕು. ಇನ್ನೇನೂ ಮುಟ್ಟಬಾರದು. ಆಗುತ್ತಾ ನಿಮ್ಮ ಕೈಲಿ?"

ಅವರು ಅಂಗಿಯ ತೋಳು ಮಡಿಚಿಕೊಂಡು ಹೋಗಿ ಕುರ್ಚಿಯಲ್ಲಿ ಕುಳಿತರು, ಕಾರ್ಖಾನೆಯಲ್ಲಿ ಪಾಳಿಗೆ ಕುಳಿತ ಹಾಗೆ. ಅದು ನಾಟಕವಾಗಿದ್ದರೆ ಅವರಿಗೆ ಗೊತ್ತಾಗುತ್ತಿತ್ತು. ಆ ಕೆಲಸ ನಿಜವಾಗಿಯೂ ಆಗಬೇಕಾಗಿತ್ತು.

ದಂಡು ಸ್ಟೇಷನ್ನಿನ ಹಮಾಲಿಯೊಬ್ಬ ಕ್ಯಾನುಗಳನ್ನು ಆಟೋವರೆಗೆ ಹೊತ್ತ. ಗೇಟಿನಲ್ಲಿ ಟಿಕೆಟ್ ನೋಡುವವರು ತಡೆದರು.

"ಏನಮ್ಮಾ ಇದು, ಕಳ್ಳಭಟ್ಟಿನಾ?"

"ಸಮುದ್ರ."

"ಏನು?"

"ಮದ್ರಾಸಿನ ಸಮುದ್ರ. ನಮ್ಮ ಯಜಮಾನ್ರು ಅಲ್ಲಿಗೆ ಹೋಗೋ ಹಾಗಿಲ್ಲ. ಅದಕ್ಕೆ ಇಲ್ಲಿಗೆ ತರಿಸ್ಕೊಂಡಿದೀನಿ."

ನಂಬಲಿಲ್ಲ. ಮುಚ್ಚಳ ತೆಗೆಸಿ ಬೆರಳು ಅದ್ದಿ ನಾಲಿಗೆಗೆ ಹಚ್ಚಿ, ಥೂ ಎಂದು ಉಗಿದು, "ಹೋಗಮ್ಮಾ ತಾಯಿ" ಎಂದರು. ಮುಂದಿನ ಸಲದಿಂದ ನನ್ನನ್ನು ಕಂಡರೆ ದೂರದಿಂದಲೇ "ಸಮುದ್ರ ಬಂತಾ ಅಜ್ಜೀ?" ಎಂದು ಕೇಳುತ್ತಿದ್ದರು.

ಹಾಗೆ ದಿನ ಹೋಯಿತು. ನಾನು ನೀರು ಬದಲಿಸುತ್ತಿದ್ದೆ, ಅವರು ನೋಡುತ್ತಿದ್ದರು. ಮೊದಮೊದಲು ಬಟ್ಟಲಿಗೆ ಏನಾದರೊಂದು ಬೀಳುತ್ತಿತ್ತು. ಆಮೇಲೆ ಬೀಳುವುದು ನಿಂತಿತು. ಅವರು ಏಳಲಿಲ್ಲ. ಊಟಕ್ಕೆ ಕರೆದರೆ, "ತಟ್ಟೆ ಇಲ್ಲಿಗೇ ಕೊಡು" ಎನ್ನುತ್ತಿದ್ದರು. ಮುದ್ದೆ ಮುರಿಯುವಾಗಲೂ ಕಣ್ಣು ಗಾಜಿನ ಮೇಲೆ. ಬರೀ ಕಲ್ಲು, ಮರಳು, ಎರಡು ಮೀನು. ನೋಡಲು ಅಲ್ಲಿ ಏನೂ ಉಳಿದಿರಲಿಲ್ಲ ಎಂದೇ ನನ್ನ ಲೆಕ್ಕ.

ಒಂದು ದಿನ ಬೆಳಗ್ಗೆ ನಾನು ಒಗ್ಗರಣೆ ಹಾಕುತ್ತಿದ್ದೆ.

"ಏಯ್, ಬಾ ಇಲ್ಲಿ!"

ಬಟ್ಟಲು ಹಿಡಿದುಕೊಂಡೇ ಹೋದೆ. "ಏನು ಬಿತ್ತು?"

"ಬಿದ್ದಿಲ್ಲ. ಎದ್ದಿದೆ. ಆ ಕಲ್ಲಿನ ಕೆಳಗೆ, ಎಡಗಡೆ ನೋಡು."

ಬಗ್ಗಿ ನೋಡಿದೆ. ನೇರಳೆ ಚರ್ಮದ ಒಂದು ಅಂಚಿನಲ್ಲಿ, ಮೀನೂ ತಿರುಗಿ ನೋಡದ ಮೂಲೆಯಲ್ಲಿ, ಸಾಸಿವೆ ಕಾಳಿನಷ್ಟು ಹಸಿರು. ಕನ್ನಡಕ ತಂದು ನೋಡಿದ ಮೇಲೆ ಅದಕ್ಕೆ ಎಸಳು ಕಂಡಿತು. ನಾನು ಆ ತೊಟ್ಟಿಯ ಮುಂದೆ ಎಷ್ಟೋ ಸಲ ಹಾದುಹೋಗಿದ್ದೆ, ಕಂಡಿರಲಿಲ್ಲ. ಅಷ್ಟು ಸಣ್ಣದು ಕಾಣಬೇಕಾದರೆ ಮನುಷ್ಯ ಅಷ್ಟು ದಿನ ಕೂತಿರಲೇಬೇಕು.

"ನೆನ್ನೇನೇ ಅನುಮಾನ ಇತ್ತು" ಎಂದರು. "ಹೇಳಿದ್ರೆ ನೀನು ನಗ್ತೀಯಾ ಅಂತ ಇವತ್ತಿನವರೆಗೂ ತಡೆದೆ."

"ಕೈ ಹಾಕಿ ನೋಡ್ಲಿಲ್ವಾ?"

"ಇಲ್ಲ."

ನುಗ್ಗೆ ಕೊಂಬೆ ಕಿತ್ತು ನೋಡುತ್ತಿದ್ದ ಮನುಷ್ಯ. ಒಗ್ಗರಣೆ ಕರಿಕಾಯಿತು. ಆಗಲಿ ಎಂದು ಬಿಟ್ಟೆ.

ಆ ವಾರವೇ ಆಸ್ಪತ್ರೆಗೆ ತೋರಿಸಲು ಹೋಗಬೇಕಿತ್ತು. ಡಾಕ್ಟರು ಎದೆಯನ್ನು ಒತ್ತಿ, ಕೆಮ್ಮಿಸಿ, ಫೋಟೋ ತೆಗೆಸಿ ನೋಡಿದರು.

"ಚೆನ್ನಾಗಿ ಕೂಡಿದೆ. ಪರವಾಗಿಲ್ವೇ, ಹೇಳಿದ ಮಾತು ಕೇಳಿದೀರಾ. ಮನೇಲಿ ಯಾರು ಕಟ್ಟಿ ಹಾಕಿದ್ರು?"

ಇವರು ನನ್ನ ಕಡೆ ಬೆರಳು ತೋರಿಸಿದರು. ನಾನು ಅಲ್ಲ ಎಂದೆ. ಹವಳ ಎಂದರೆ ಅವರಿಗೆ ಅರ್ಥವಾಗುವ ಹಾಗೆ ಹೇಳುವಷ್ಟು ಹೊತ್ತು ಅಲ್ಲಿರಲಿಲ್ಲ, ಹೊರಗೆ ಜನ ಕಾಯುತ್ತಿದ್ದರು. ಮೂಳೆಯಿಲ್ಲದ ಒಂದು ಜೀವ ಇವರ ಮೂಳೆ ಕೂಡಿಸಿತು ಎಂದು ಆಟೋದಲ್ಲಿ ಬರುವಾಗ ನಾನೇ ಅಂದುಕೊಂಡೆ. ಆಸ್ಪತ್ರೆಯವರಿಗೂ ಋಣ ಇದೆ, ಇಲ್ಲ ಎನ್ನುವುದಿಲ್ಲ. ಅವರು ಹೊಲಿದರು. ಹೊಲಿಗೆ ಬಿಚ್ಚದ ಹಾಗೆ ನೋಡಿಕೊಂಡವರು ಬೇರೆ.

ನೀರು ಸರಿಹೋಯಿತು ಎಂದು ಹಡಗಿನವರು ಹೇಳಿದ ಮೇಲೆ ಕಾಕ್ಸ್‌ಟೌನಿಗೆ ಹೋದೆ. ಈ ಸಲ ಗಂಡನೂ ಬಂದರು, ಡಬ್ಬ ಹಿಡಿಯುವುದಷ್ಟೇ ಅವರ ಕೆಲಸ. ಬೇಕರಿಯಮ್ಮನ ತೊಟ್ಟಿಯಲ್ಲಿ ನಮ್ಮ ಅಣಬೆಯ ಬುಡ ಹೊಸ ಟೋಪಿ ಹಾಕಿಕೊಂಡು ನಿಂತಿತ್ತು. ನಾನು ಹಿಂದೆ ಕೊಟ್ಟಿದ್ದ ತುಂಡು ಅವರ ಕಲ್ಲಿನ ತುಂಬ ಹರಡಿ, ನೂರು ಕೂಸುಗಳ ಮುಷ್ಟಿ ಒಟ್ಟಿಗೆ ಬಿಚ್ಚಿದ ಹಾಗೆ ಆಡುತ್ತಿತ್ತು. ಅದರಲ್ಲೊಂದು ತುಂಡು ಕತ್ತರಿಸಿ, ಜೊತೆಗೆ ಅವರ ತೊಟ್ಟಿಯ ಒಂದು ಹಳೇ ಕಲ್ಲನ್ನೂ ಹಾಕಿದರು.

"ತಗೊಳ್ಳಿ, ಹೆಪ್ಪು. ನಿಮ್ದೇ ನಿಮಗೆ ವಾಪಸ್."

ನಮ್ಮ ಮನೆಯಲ್ಲಿ ಮೊಸರು ಕೆಟ್ಟರೆ ಪಕ್ಕದ ಮನೆಗೆ ಬಟ್ಟಲು ಹಿಡಿದು ಹೋಗುತ್ತೇವೆ. ಅಲ್ಲಿರುವುದು ಯಾವತ್ತೋ ನಾವೇ ಕೊಟ್ಟ ಹೆಪ್ಪು. ಯಾರೂ ಅದಕ್ಕೆ ಉಪಕಾರ ಎಂದು ಹೆಸರಿಡುವುದಿಲ್ಲ. ಆದರೂ ಅವತ್ತು ಬೇಕರಿಯಮ್ಮನಿಗೆ ಕೈ ಮುಗಿದೆ. ನಾನು ಕೈ ಮುಗಿಯುವವಳಲ್ಲ. ಅವರು ಗಾಬರಿಯಾಗಿ ಇನ್ನೊಂದು ಪೊಟ್ಟಣ ಬಿಸ್ಕತ್ತು ಕೊಟ್ಟರು.

ಆಮೇಲಿನದು ಹೇಳಲು ಬಹಳ ಇಲ್ಲ. ತೊಟ್ಟಿ ತನ್ನಷ್ಟಕ್ಕೆ ಬೆಳೆಯಿತು. ಕರೆಂಟು ಹೋಗಿ ಮೋಟಾರು ನಿಂತಾಗ ಮಗ್ಗಿನಲ್ಲಿ ನೀರು ಎತ್ತಿ ಹೊಯ್ಯುತ್ತಿದ್ದೆವು, ಪ್ಲಾಸ್ಟಿಕ್ ಮಗ್ಗು. ಹೊಸ ಸೀಗಡಿ ಬಂತು. ಕೇಳಿದವರಿ‌ಗೆಲ್ಲ ತುಂಡು ಕೊಟ್ಟೆವು. ರಿಚರ್ಡ್ಸ್ ಟೌನಿಗೊಂದು, ಕಮ್ಮನಹಳ್ಳಿಗೊಂದು ಹೋಯಿತು. ಕೊಡುವಾಗ ನಾನು ಹೇಳುವುದು ಎರಡೇ ಮಾತು. ತಾಮ್ರ ಮುಟ್ಟಿಸಬೇಡಿ, ಕೆಟ್ಟುಹೋದರೆ ಡಬ್ಬ ತೆಗೆದುಕೊಂಡು ಬನ್ನಿ.

ಗಂಡನಿಗೆ ಮತ್ತೆ ಏಣಿ ಹತ್ತುವಷ್ಟು ಬಲ ಬಂತು, ಹತ್ತಿದರು ಕೂಡ. ಹಿತ್ತಲಲ್ಲಿ ಒಂದು ನುಗ್ಗೆಯೂ ಈಗ ಮರವಾಗಿದೆ. ಅದು ಹೇಗಾಯಿತು ಎಂದು ನಾನು ಕೇಳಿಲ್ಲ, ಅವರೂ ಹೇಳಿಲ್ಲ. ಬೊಟ್ಟಿನ ತನಕ ನೀರು ಹಾಕುವ ಕೆಲಸ ಅವರದೇ. ಬೊಟ್ಟು ಹಳತಾಗಿ ಬಿದ್ದರೆ ನನ್ನ ಹಣೆಯದನ್ನು ಕೇಳಿ ಪಡೆಯುತ್ತಾರೆ.

ಎಷ್ಟೋ ವರ್ಷವಾದ ಮೇಲೆ ಹಡಗಿನವರು ಯಾರದೋ ಮದುವೆಗೆ ಬೆಂಗಳೂರಿಗೆ ಬಂದವರು ನಮ್ಮ ಮನೆಗೂ ಬಂದರು. ಕೋಲು ಊರಿಕೊಂಡು ತೊಟ್ಟಿಯ ಮುಂದೆ ನಿಂತರು. ಅಣಬೆ ಬಾಳೆಲೆಯಷ್ಟು ಅಗಲವಾಗಿತ್ತು, ಮೀನುಗಳು ಅದರೊಳಗೆ ಹೊಕ್ಕು ಮುಖ ಮಾತ್ರ ಹೊರಗೆ ಹಾಕಿದ್ದವು.

"ಅಕ್ಕಾ, ನಾನಿದ್ದಾಗಲೂ ಹೀಗಿರಲಿಲ್ಲ. ಏನು ಮಾಡಿದ್ರಿ?"

"ಏನೂ ಮಾಡ್ಲಿಲ್ಲ."

"ಅದಕ್ಕೇ ನಿಮಗೆ ಕೊಟ್ಟಿದ್ದು" ಎಂದು ಅವರು ನಕ್ಕರು.

ಕುರ್ಚಿಯಿಂದ ನನ್ನ ಗಂಡ ತಲೆ ತಿರುಗಿಸದೆ ಹೇಳಿದರು. "ನಾನು ಮಾಡಿದೆ."

"ಏನಣ್ಣಾ ಮಾಡಿದ್ರಿ?"

"ಕೂತಿದ್ದೆ."

ಹಡಗಿನವರು ನನ್ನ ಮುಖ ನೋಡಿದರು, ನಗಬೇಕೋ ಬೇಡವೋ ಎಂದು. ನಾನು ಹೌದು ಎಂದು ತಲೆಯಾಡಿಸಿ, ಅವರಿಗೂ ಒಂದು ಕುರ್ಚಿ ಎಳೆದು ಹಾಕಿ, ಕಾಫಿ ಬೆರೆಸಲು ಒಳಗೆ ಹೋದೆ. ಕಾಫಿ ತಂದುಕೊಟ್ಟೆ. ಇಬ್ಬರ ಲೋಟವೂ ಕೆನೆ ಕಟ್ಟಿತು.